ಬಂಡೆಯ ಈ ಕಡೆ

"ರೀ! ನಿಲ್ಲಿಸಿ! ನನ್ನ ಬಂಡೆಗೆ ಏನು ಮಾಡ್ತಿದ್ದೀರಿ?"

ಕಡಿದಾದ ದಂಡೆಯ ಮೇಲಿಂದ ಅವಳು ಕೂಗಿದಳು. ಕೆಳಗೆ ಸುಣ್ಣದ ಬಕೆಟ್ ಹಿಡಿದು ನಿಂತಿದ್ದವನು ತಲೆಯೆತ್ತಿದ. ದೀಪಸ್ತಂಭ ನೋಡಿಕೊಳ್ಳುವವನು.

"ನಿಮ್ಮ ಬಂಡೆನಾ? ಕೊಂಡ್ಕೊಂಡಿದ್ದು ಯಾವಾಗ?"

ಅವಳಿಗೆ ಅಳುವೇ ಬಂತು. ಹನ್ನೊಂದು ದಿನಗಳಿಂದ ಆ ಕಪ್ಪು ಬಂಡೆಯನ್ನೇ ಚಿತ್ರಿಸುತ್ತಿದ್ದಳು. ಪ್ರದರ್ಶನಕ್ಕೆ ಹೋಗಲಿರುವ ಅವಳ ಮೊದಲ ಚಿತ್ರ. ಶನಿವಾರ ಅದನ್ನು ತೆಗೆದುಕೊಂಡು ಊರಿಗೆ ಹೊರಡಬೇಕು. ಈಗ ನೋಡಿದರೆ ಬಂಡೆ ಅರ್ಧ ಬೆಳ್ಳಗೆ!

"ಕಲ್ಲಿನ ಜೊತೆ ಇದ್ದೂ ಇದ್ದೂ ಮನಸ್ಸೂ ಕಲ್ಲಾಗಿದೆ ನಿಮಗೆ!"

ಬಣ್ಣದ ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟಳು. ಅವನು ಏನೋ ಹೇಳಿದ... ಗಾಳಿ ಕೇಳಗೊಡಲಿಲ್ಲ.

ಅವಳು ಇಳಿದುಕೊಂಡಿದ್ದು ಚಿಕ್ಕಮ್ಮನ ಮನೆಯಲ್ಲಿ. ಅವರು ಎಲ್ಲ ಕೇಳಿ ನಕ್ಕರು.

"ಮೂಗಿನ ತುದೀಲೇ ಕೋಪ ನಿಂಗೆ! ಆ ಬಂಡೆ ಬೆಳ್ಳಗಿಲ್ದಿದ್ರೆ ಮಬ್ಬುಗತ್ತಲಲ್ಲಿ ದೋಣಿಯವರಿಗೆ ಕಾಣಲ್ಲ ಕಣೇ. ವರ್ಷವರ್ಷವೂ ಬಳೀತಾನೆ. ಈ ಸಲ ನಿನ್ನ ಚಿತ್ರ ಮುಗೀಲಿ ಅಂತ ಒಂದು ವಾರ ತಡಮಾಡಿ ದೀಪಸ್ತಂಭದ ಸಾಹೇಬರ ಹತ್ರ ಬೈಸ್ಕೊಂಡ. ನೀನು ಚಿತ್ರ ನಿಲ್ಲಿಸೋ ಈಸೆಲ್ ಗಾಳಿಗೆ ಬೀಳ್ದೇ ಇರ್ಲಿ ಅಂತ ಅದರ ಕಾಲಿಗೆ ದಿನಾ ಮೂರು ಕಲ್ಲು ಇಡ್ತಿದ್ದೋರು ಯಾರು ಅಂದ್ಕೊಂಡೆ?"

'ಅವನಾ...?'

ಎರಡು ದಿನ ಅವಳು ಮನೆಯೊಳಗೇ ಕೂತು, ಕ್ಯಾನ್ವಾಸಿನ ಕಪ್ಪು ಬಂಡೆಗೆ ಬಿಳಿ ಬಣ್ಣ ಹಚ್ಚಿದಳು. ಹೊರಡುವ ಮೊದಲು ಅವನಿಗದನ್ನು ತೋರಿಸಬೇಕು, ಕ್ಷಮೆ ಕೇಳಬೇಕು. ಮನಸ್ಸಿನಲ್ಲಿ ಇನ್ನೂ ಏನೋ ಇತ್ತು. ಅದಕ್ಕೆ ಮಾತು ಸಿಕ್ಕಿರಲಿಲ್ಲ.

ಶುಕ್ರವಾರ ಚಿತ್ರ ಹೊತ್ತು ದಂಡೆಗೆ ಬಂದವಳು ಗಕ್ಕನೆ ನಿಂತಳು.

ಬಂಡೆ ಕಪ್ಪಗಿತ್ತು!

ಪಕ್ಕದಲ್ಲಿ ಸುಣ್ಣ ಕೆರೆದ ತಂತಿಬ್ರಶ್ ಹಿಡಿದು ಅವನು ನಿಂತಿದ್ದ. ಬೆರಳ ಗೆಣ್ಣುಗಳೆಲ್ಲ ತರಚಿದ್ದವು.

"ಸಮುದ್ರದ ಕಡೆ ಬೆಳ್ಳಗೇ ಬಿಟ್ಟಿದ್ದೀನಿ," ಎಂದ, ತಪ್ಪು ಮಾಡಿದವನಂತೆ. "ದೋಣಿಯವರಿಗೆ ಅಷ್ಟು ಸಾಕು. ಈ ಕಡೆ ನಿಮ್ಮದು."

ಅವಳು ಕೆಳಗಿಳಿದು ಬಂದು ಚಿತ್ರವನ್ನು ಅವನತ್ತ ತಿರುಗಿಸಿದಳು.

"ಅಯ್ಯೋ... ಬೆಳ್ಳಗೆ ಮಾಡ್ಬಿಟ್ರಾ!"

"ನೀವು ಕಪ್ಪಗೆ ಮಾಡ್ಬಿಟ್ರಲ್ಲ!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗು ನಿಂತಾಗ ಅವನು ಮೆಲ್ಲನೆ ಕೇಳಿದ, "ನಾಳೆ ಹೊರಡ್ತೀರಂತೆ?"

"ಚಿತ್ರ ಹೋಗುತ್ತೆ." ಅವಳು ಅವನ ತರಚಿದ ಬೆರಳುಗಳಿಗೆ ತನ್ನ ಕರವಸ್ತ್ರ ಸುತ್ತಿದಳು. "ನಾನು... ಕಳಿಸಿಬಿಟ್ಟು ಇಲ್ಲೇ ಇರ್ತೀನಿ. ಮುಂದಿನ ವರ್ಷ ಸುಣ್ಣ ಬಳಿಯೋಕೆ ಇನ್ನೊಂದು ಕೈ ಬೇಕಲ್ವಾ?"

"ಮುಂದಿನ ವರ್ಷಕ್ಕೆ ಮಾತ್ರನಾ?"

ಅವಳು ಗಂಟು ಬಿಗಿಮಾಡಿದಳು. ಕೈ ಮಾತ್ರ ಬಿಡಲಿಲ್ಲ.

"ಬಂಡೆ ಇರೋವರೆಗೂ ಬಳೀಬೇಕಲ್ಲ ರೀ..."