ಚಂದಲೆ ತಾನೇ ಆರಿಸಿದ ಕನ್ನಡಕ

ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಮಿಂಚುಕಲ್ಲು ಎಂಬ ರಾಜ್ಯವಿತ್ತು. ಅದರ ಕೋಟೆಬಾಗಿಲಲ್ಲಿ ಒಂದು ಕಲ್ಲಿನ ಯಾಳಿ ಕಾವಲು ಕೂತಿತ್ತು. ಆನೆಯ ಸೊಂಡಿಲು, ಸಿಂಹದ ಮೈ, ಮುದುಕರ ಹಟ. ಬಂದವರ ಮುಖ ನೋಡುತ್ತಿತ್ತು. ಗುರುತು ಸಿಕ್ಕಿದರೆ ಸೊಂಡಿಲೆತ್ತಿ ಒಳಗೆ ಬಿಡುತ್ತಿತ್ತು, ಸಿಗದಿದ್ದರೆ ಇಲ್ಲ. ಯಾಳಿ ಒಳಗೆ ಬಿಟ್ಟ ರಾಜನೇ ಸಿಂಹಾಸನದ ಮೇಲೆ ಕೂರಬೇಕೆಂಬುದು ಆ ನಾಡಿನ ಕಟ್ಟಳೆ.

ರಾಜ ಕಾಚರಸನಿಗೆ ಒಬ್ಬಳೇ ಮಗಳು, ಚಂದಲೆ. ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಚಂದಲೆಯದು ಅಗಲವಾದ ಮುಖ, ಗಿಣಿಮೂಗು, ಕೋಟೆಯ ಆಚೆಗೂ ಕೇಳಿಸುವ ನಗು. ಅರಿಶಿನದ ಬಣ್ಣವೆಂದರೆ ಅವಳಿಗೆ ಪ್ರಾಣ. ಒಂದು ಕಿವಿಗೆ ಹವಳದ ಓಲೆ, ಇನ್ನೊಂದಕ್ಕೆ ಮುತ್ತಿನದು. ಜೋಡಿ ತಪ್ಪಿದೆ ಎಂದು ಯಾರಾದರೂ ಹೇಳಿದರೆ, ಎರಡೂ ಇಷ್ಟವಾದ ಮೇಲೆ ಒಂದನ್ನು ಯಾಕೆ ಪೆಟ್ಟಿಗೆಯಲ್ಲಿಡಲಿ ಎಂದು ಕೇಳುತ್ತಿದ್ದಳು. ಅರಮನೆಯ ಹೆಂಗಸರು ತಲೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದರು.

ಅವಳಿಗಿದ್ದ ಕೊರತೆ ಒಂದೇ. ಹುಟ್ಟಿನಿಂದ ಅವಳ ಕಣ್ಣು ಮಂಜು. ಮೂಗಿನ ಹತ್ತಿರ ಹಿಡಿದದ್ದು ಕಾಣುತ್ತಿತ್ತು, ಅದರಾಚೆ ಇದ್ದದ್ದೆಲ್ಲ ಬಣ್ಣದ ಮುದ್ದೆ. ಕಂಬಕ್ಕೆ ನಮಸ್ಕಾರ ಮಾಡಿ ಸೇನಾಪತಿಗೆ ಒರಗಿ ನಿಂತದ್ದೂ ಉಂಟು. ಹಾಗೆಂದು ಪೇಚಾಡಿದವಳಲ್ಲ, ತಾನೇ ಮೊದಲು ನಕ್ಕುಬಿಡುತ್ತಿದ್ದಳು. ಬಂದವರು ಯಾರೆಂದು ಹೆಜ್ಜೆಯ ಸದ್ದಿನಿಂದಲೂ ವಾಸನೆಯಿಂದಲೂ ಕಂಡುಹಿಡಿಯುತ್ತಿದ್ದಳು.

ಹೀಗಿರಲು ಊರಾಚೆಯ ಗುಡ್ಡದ ಮೇಲೆ ಸೊಬಗಯ್ಯ ಎಂಬವನು ಕನ್ನಡಕದ ಅಂಗಡಿ ತೆರೆದ. ಅವನೊಬ್ಬ ಮಾಂತ್ರಿಕ ಎಂಬುದು ಯಾರಿಗೂ ತಿಳಿಯದು. ಗೋಡೆಯ ತುಂಬ ಚೌಕಟ್ಟುಗಳು, ನಡುವೆ ಆಳೆತ್ತರದ ಒಂದು ಕನ್ನಡಿ. ಚೌಕಟ್ಟು ಆರಿಸಿದ ಮೇಲೆ ಗಾಜು ಕೂರಿಸಿಕೊಡುವುದು ಅವನ ಪದ್ಧತಿ. ಕಣ್ಣು ಮಸುಕಾದವರು ಗಾಜಿಲ್ಲದ ಚೌಕಟ್ಟು ಹಾಕಿಕೊಂಡು ಕನ್ನಡಿ ನೋಡಿದರೆ ಕಾಣುವುದೇನು? ಮಸುಕೇ. ಒಂದು ಹಾಕಿ ನೋಡುವರು, ಇನ್ನೊಂದು ಹಾಕಿ ನೋಡುವರು, ಕೊನೆಗೆ ಸೋತು, ನನಗೇನೂ ತಿಳಿಯುತ್ತಿಲ್ಲ, ನೀವೇ ಒಂದು ಆರಿಸಿಕೊಡಿ ಎನ್ನುವರು. ಸೊಬಗಯ್ಯ ಕಾಯುತ್ತಿದ್ದದ್ದು ಆ ಮಾತಿಗೇ. ಅದು ಬಾಯಿಂದ ಬಿದ್ದೊಡನೆ ಅವರ ಮುಖ ಕನ್ನಡಿಯೊಳಗೆ ಹೋಗಿ ಸೇರಿಕೊಳ್ಳುತ್ತಿತ್ತು. ಅದರ ಬದಲು ಅವನು ಬೇರೊಂದು ಮುಖವನ್ನು ಕೊಟ್ಟು ಕಳುಹಿಸುತ್ತಿದ್ದ.

ಕೆಟ್ಟ ಮುಖವೇನಲ್ಲ, ಚೆಂದದ್ದೇ. ನುಣುಪು ಕೆನ್ನೆ, ಅಳೆದಿಟ್ಟ ಮೂಗು. ಆದರೆ ಎಲ್ಲರಿಗೂ ಅದೇ ಒಂದು. ಗುಡ್ಡ ಹತ್ತಿ ಹೋದವರೆಲ್ಲ ಒಂದೇ ಮುಖ ಹೊತ್ತು ಇಳಿದುಬಂದರು. ಯಾಳಿ ಒಬ್ಬರನ್ನೂ ಒಳಗೆ ಬಿಡಲಿಲ್ಲ. ಹೆಂಡಂದಿರು ಬುತ್ತಿ ಕಟ್ಟಿಕೊಂಡು ಬಾಗಿಲಿಗೆ ಬಂದರೆ ಗಂಡ ಯಾರೆಂದು ತಿಳಿಯದೆ ಯಾರಿಗೋ ಉಣಿಸಿ ಹೋಗುತ್ತಿದ್ದರು. ಒಬ್ಬ ಭಂಡ ಮಾತ್ರ ಮೂರು ಮನೆಯ ಬುತ್ತಿ ಉಂಡು ಹೊಟ್ಟೆ ಸವರಿಕೊಂಡ.

ರಾಜ ಕಾಚರಸನಿಗೂ ವಯಸ್ಸಾಗುತ್ತ ಕಣ್ಣು ಮಸುಕಾಗಿತ್ತು. ಪ್ರಜೆಗಳ ಈ ಪಾಡಿಗೆ ಕಾರಣ ತಿಳಿಯಲು ತಾನೇ ಗುಡ್ಡ ಹತ್ತಿದ. ಹೋದವನು ಒಂದು ಚೌಕಟ್ಟು ಹಾಕಿ ನೋಡಿದ, ಎರಡು ಹಾಕಿ ನೋಡಿದ, ಅವನೂ ಅದೇ ಮಾತು ಆಡಿಬಿಟ್ಟ. ನಾಡಿಗೆಲ್ಲ ಅಪ್ಪಣೆ ಕೊಡುವವನಿಗೆ ತನ್ನ ಮೂಗಿನ ಮೇಲೇನಿರಬೇಕು ಎಂದು ಹೇಳಲಾಗಲಿಲ್ಲ. ಹಿಂತಿರುಗಿ ಬಂದರೆ ಯಾಳಿ ಸೊಂಡಿಲು ಅಡ್ಡ ಹಾಕಿತು, ಕಾವಲುಗಾರರು ನಕ್ಕರು. ಬಾಗಿಲ ಹೊರಗಿದ್ದವರಲ್ಲಿ ರಾಜನೂ ಒಬ್ಬನಾದ.

ಅಪ್ಪನನ್ನು ಹುಡುಕಿಕೊಂಡು ಚಂದಲೆ ಹೊರಗೆ ಬಂದಳು. ಮುಖ ನೋಡಿದವರು ಯಾರೂ ರಾಜನನ್ನು ಗುರುತಿಸಿರಲಿಲ್ಲ. ಇವಳು ಮುಖ ನೋಡಿ ಯಾರನ್ನೂ ಗುರುತು ಹಿಡಿದವಳೇ ಅಲ್ಲ. ಗುಂಪಿನ ನಡುವೆ ಸುಮ್ಮನೆ ನಿಂತಳು. ಒಂದು ಕಡೆಯಿಂದ ಬಲಗಾಲಿನ ಚಪ್ಪಲಿ ಎಳೆದು ನಡೆಯುವ ಸದ್ದು ಬಂತು. ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡರು. ಲವಂಗದ ವಾಸನೆ ಬಂತು.

"ಅಪ್ಪಾಜಿ, ಇಲ್ಲಿದ್ದೀರಾ?" ಎಂದು ಹೋಗಿ ಕೈ ಹಿಡಿದಳು.

ಮೂರು ಲೋಕವೂ ತನ್ನನ್ನು ಮರೆತಿತೆಂದು ಕುಗ್ಗಿಹೋಗಿದ್ದ ರಾಜನಿಗೆ ಅಳು ತಡೆಯಲಾಗಲಿಲ್ಲ. ಮಗಳು ಅವನನ್ನು ಯಾಳಿಯ ಮುಂದೆ ನಿಲ್ಲಿಸಿ, ಅಜ್ಜ, ಇವರೇ ರಾಜರು, ನಾನು ಹೇಳುತ್ತಿದ್ದೇನೆ, ದಾರಿ ಬಿಡು ಎಂದಳು.

"ಮುಖ ನೋಡಿ ಬಿಡು ಎಂದು ನಿನ್ನ ಮುತ್ತಜ್ಜ ಹೇಳಿಹೋಗಿದ್ದಾನೆ, ಮಗು. ಮಗಳ ಮಾತು ಕೇಳಿ ಬಿಡು ಎಂದಿಲ್ಲ" ಎಂದಿತು ಯಾಳಿ. "ಆದರೆ ನಾನೂ ಆ ಗುಡ್ಡದ ಕಲ್ಲೇ. ಅಲ್ಲಿ ನಡೆಯುವುದು ನನಗೆ ಗೊತ್ತಾಗುತ್ತದೆ, ಕೇಳು. ಬರುವ ಅಮಾವಾಸ್ಯೆಯ ದಿನ ಸೊಬಗಯ್ಯ ನಿನ್ನ ಅಪ್ಪನ ಮುಖ ಹಾಕಿಕೊಂಡು ಇಲ್ಲಿಗೆ ಬರುತ್ತಾನೆ. ಆ ಮುಖಕ್ಕೆ ನಾನು ದಾರಿ ಬಿಡಲೇಬೇಕು. ಆಮೇಲೆ ಸಿಂಹಾಸನವೂ ಅವನದೇ, ಮುಖವೂ ಅವನದೇ."

ತಡೆಯುವ ದಾರಿಯನ್ನೂ ಯಾಳಿಯೇ ಹೇಳಿತು. ತಾನೇ ಆರಿಸುತ್ತೇನೆ ಎನ್ನುವ ಗಿರಾಕಿ ಕೇಳಿದ್ದನ್ನೆಲ್ಲ ಸೊಬಗಯ್ಯ ಕೊಡಲೇಬೇಕು, ಅವನ ಮಂತ್ರಕ್ಕೆ ಇರುವ ಕಟ್ಟು ಅದು. ಅವನ ಅಂಗಡಿಯಲ್ಲಿ ಒಬ್ಬರಾದರೂ ತಮ್ಮದೇ ಚೌಕಟ್ಟನ್ನು ತಾವೇ ಆರಿಸಿಕೊಂಡರೆ ಕನ್ನಡಿ ಒಡೆಯುತ್ತದೆ. ಇದುವರೆಗೆ ಯಾರಿಂದಲೂ ಆಗಿಲ್ಲ.

"ಇಷ್ಟೇ ತಾನೆ?" ಎಂದಳು ಚಂದಲೆ. "ನನಗೇನು ಬೇಕು ಎಂದು ನನಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರುತ್ತದೆ?"

ಅಮಾವಾಸ್ಯೆಗೆ ಒಂದು ದಿನ ಉಳಿದಿತ್ತು. ಅಪ್ಪನ ಕೈ ಹಿಡಿದು ಅವಳು ಗುಡ್ಡ ಹತ್ತಿದಳು. ಮುಖ ಕಳೆದುಕೊಂಡವರೆಲ್ಲ ಹಿಂದೆ ಹೊರಟರು. ಅವರನ್ನು ಅಂಗಳದಲ್ಲಿ ನಿಲ್ಲಿಸಿ ತಾನೊಬ್ಬಳೇ ಅಂಗಡಿಯೊಳಗೆ ಹೋದಳು.

"ಬನ್ನಿ ಅಮ್ಮಣ್ಣಿ, ಬನ್ನಿ" ಎಂದು ಸೊಬಗಯ್ಯ ಬೆಣ್ಣೆಯಂಥ ದನಿಯಲ್ಲಿ ಕರೆದು ಮರದ ಮಣೆಯ ಮೇಲೆ ಕೂರಿಸಿದ. ಆಮೇಲೆ ಮೊದಲನೆಯ ಚೌಕಟ್ಟು ತಂದ. ಅಪ್ಪಟ ಚಿನ್ನ, ಸುತ್ತಲೂ ನವರತ್ನ. ಚಂದಲೆ ಅದನ್ನು ಹಾಕಿಕೊಂಡು, ಮೂಗು ತಾಗುವಷ್ಟು ಹತ್ತಿರ ಹೋಗಿ ಕನ್ನಡಿ ನೋಡಿದಳು. ಒಳಗೊಬ್ಬಳು ಚಕ್ರವರ್ತಿನಿ ನಿಂತಿದ್ದಳು. ಇದನ್ನು ಹಾಕಿದರೆ ಐವತ್ತಾರು ದೇಶದ ಅರಸರೂ ತಲೆ ಬಾಗುತ್ತಾರೆ ಎಂದ ಸೊಬಗಯ್ಯ.

"ಒಂದು ಸಲ ನಕ್ಕು ನೋಡುತ್ತೇನೆ" ಎಂದಳು ಚಂದಲೆ. ದಿನಕ್ಕೆ ನೂರು ಸಲ ನಗುವವಳು, ನಗುವಾಗ ಮುಖದ ಮೇಲೆ ನಿಲ್ಲದ್ದನ್ನು ಕಟ್ಟಿಕೊಂಡು ಏನು ಮಾಡಿಯಾಳು? ಕನ್ನಡಿಯ ಮಹಾರಾಣಿಯ ಬಿಗುವು ಕಂಡು ನಗುವೂ ತಾನಾಗಿ ಬಂತು. ಭಾರಕ್ಕೆ ಚೌಕಟ್ಟು ಸರ್ರನೆ ಜಾರಿ ಮೂಗಿನ ತುದಿಗೆ ಬಂದು ನಿಂತಿತು. "ಇದು ನನ್ನದಲ್ಲ. ಇದನ್ನು ಹಾಕಿಕೊಂಡರೆ ನಾನು ದಿನವಿಡೀ ಇದನ್ನೇ ಹಿಡಿದುಕೊಂಡು ಕೂರಬೇಕು" ಎಂದು ತೆಗೆದಿಟ್ಟಳು.

ಸೊಬಗಯ್ಯ ಎರಡನೆಯದು ತಂದ. ಅದು ಜೇಡರ ಎಳೆಗಿಂತ ಸಣ್ಣ ಬೆಳ್ಳಿ ತಂತಿ. ಮುಖದ ಮೇಲೆ ಇದೆಯೆಂದೇ ಗೊತ್ತಾಗದು. ಅದನ್ನು ಹಾಕಿ ಕನ್ನಡಿ ನೋಡಿದರೆ ಗಿಣಿಮೂಗು ಮಾಯ, ಅಗಲ ಕೆನ್ನೆ ಮಾಯ. ಒಬ್ಬ ಮೆದು ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಇನ್ನು ಯಾರೂ ನಿಮ್ಮನ್ನು ಆಡಿಕೊಳ್ಳುವುದಿಲ್ಲ ಎಂದು ಸೊಬಗಯ್ಯ ಪಿಸುಗುಟ್ಟಿದ. ಆ ಮಾತು ಚಂದಲೆಗೆ ಒಂದಿಷ್ಟು ಚುಚ್ಚಿತು, ಸುಳ್ಳೇಕೆ ಹೇಳಲಿ. ತನ್ನ ಮೂಗನ್ನು ಆಡಿಕೊಳ್ಳುವ ಮಾತು ಅವಳ ಕಿವಿಗೂ ಬಿದ್ದಿತ್ತು.

ಆದರೂ ನಕ್ಕು ನೋಡಿದಳು. ಅಂಗಡಿಯ ಚೌಕಟ್ಟುಗಳೆಲ್ಲ ಗಲಗಲ ಅಲ್ಲಾಡಿದವು, ಕನ್ನಡಿಯೊಳಗಿನ ಹುಡುಗಿ ಮಾತ್ರ ನಗಲಿಲ್ಲ. "ಇದೂ ನನ್ನದಲ್ಲ. ಇವಳಿಗೆ ನಗುವುದಕ್ಕೇ ಬರುವುದಿಲ್ಲ" ಎಂದು ತೆಗೆದಿಟ್ಟಳು.

ಸೊಬಗಯ್ಯನ ಬೆಣ್ಣೆ ದನಿ ಸ್ವಲ್ಪ ಗಟ್ಟಿಯಾಯಿತು. ಒಳಗೆ ಹೋಗಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಮೂರನೆಯದನ್ನು ತಂದ. ಆಮೆಚಿಪ್ಪಿನ ಹಳೆಯ ಚೌಕಟ್ಟು. ಎಡಗಡೆಯ ಕಡ್ಡಿಯಲ್ಲಿ ಹಲ್ಲು ಕಚ್ಚಿದ ಸಣ್ಣ ಗುರುತು. ಬೆರಳಿಗೆ ಅದು ಸಿಕ್ಕಿದೊಡನೆ ಚಂದಲೆ ಅದನ್ನು ಮತ್ತೆ ಮತ್ತೆ ಸವರಿದಳು. ಆ ಗುರುತು ಮಾಡಿದವಳು ಅವಳೇ, ಅಮ್ಮನ ತೊಡೆಯ ಮೇಲೆ ಕೂತು, ಹಾಲುಹಲ್ಲಿನಲ್ಲಿ. ಚಿತೆಯೊಡನೆ ಹೋದದ್ದನ್ನೂ ಮಾಂತ್ರಿಕ ಕರೆಸಿಕೊಂಡಿದ್ದ.

ಹಾಕಿಕೊಂಡು ಕನ್ನಡಿಗೆ ಮುಖವಿಟ್ಟಳು. ಅಲ್ಲಿ ಅಮ್ಮ ಇದ್ದಳು. ಅದೇ ತೆಳು ಮುಖ, ಮಗಳನ್ನು ನೋಡಿ ತುಂಬಿದ ಕಣ್ಣು. ಚಂದಲೆಗೆ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ. ಈ ಚೌಕಟ್ಟನ್ನು ಇಟ್ಟುಕೊಂಡರೆ ದಿನವೂ ಅಮ್ಮನನ್ನು ನೋಡಬಹುದಲ್ಲ ಎನಿಸಿತು. ನಗು ಎಲ್ಲಿಂದ ಬರಬೇಕು? ಬಂದದ್ದು ಅಳು. ಅಳುವಿನ ನಡುವೆಯೇ, ಅಮ್ಮನ ಕನ್ನಡಕ ಕಚ್ಚಿ ಬೈಸಿಕೊಂಡದ್ದು ನೆನಪಾಗಿ ಕಿಸಕ್ಕೆಂದು ನಕ್ಕುಬಿಟ್ಟಳು. ಕನ್ನಡಿಯಲ್ಲಿ ಅಮ್ಮನೂ ನಕ್ಕಳು, ಯಾವಾಗಲೂ ನಗುತ್ತಿದ್ದಂತೆ, ಬಾಯಿಗೆ ಕೈ ಅಡ್ಡ ಹಿಡಿದು.

ಚಂದಲೆ ಹಾಗೆ ಎಂದೂ ನಕ್ಕವಳಲ್ಲ. ನಿಧಾನವಾಗಿ ಅದನ್ನು ತೆಗೆದು ಕಣ್ಣಿಗೊತ್ತಿಕೊಂಡಳು.

"ಇದು ಅಮ್ಮನದು. ಅವಳಿಗೆ ತುಂಬಾ ಒಪ್ಪುತ್ತಿತ್ತು. ನನ್ನದಲ್ಲ" ಎಂದಳು.

ಈಗ ಸೊಬಗಯ್ಯ ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಿಗೆಳೆದ. ಅತ್ತು ದಣಿದಿದ್ದೀರಿ, ಕಣ್ಣೂ ಕಾಣದು, ಇನ್ನೂ ಸಾವಿರ ಚೌಕಟ್ಟಿವೆ, ಎಷ್ಟು ಅಂತ ನೋಡುತ್ತೀರಿ, ಒಂದು ಮಾತು ಹೇಳಿದರೆ ನಾನೇ ನೋಡಿ ಕೊಡುತ್ತೇನೆ ಎಂದ. ಚಂದಲೆ ನಿಜವಾಗಿಯೂ ದಣಿದಿದ್ದಳು. ಆ ಮಾತು ನಾಲಗೆಯ ತುದಿಗೂ ಬಂತು. ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡರು.

ಅವಳು ಬಂದ ಮಾತನ್ನು ನುಂಗಿ ನೆಟ್ಟಗೆ ಕೂತಳು.

"ನಾನು ಕೂತಿರುವ ಮಣೆ ಯಾವ ಮರದ್ದು?"

"ಹಲಸಿನದು" ಎಂದ ಸೊಬಗಯ್ಯ. ಆ ಅಂಗಡಿಯಲ್ಲಿ ಮಾಯೆ ತಾಗದ ವಸ್ತು ಅದೊಂದೇ.

"ಹಾಗಾದರೆ ಅರಿಶಿನದ ಬಣ್ಣ. ಇದರಲ್ಲೇ ನನಗೆ ಚೌಕಟ್ಟು ಮಾಡಿಕೊಡಿ. ಮುಖ ಅಗಲ, ಅದಕ್ಕೆ ಸರಿಯಾಗಿ ಅಗಲವಿರಲಿ. ಮೂಗಿನ ಗೂನಿನ ಮೇಲೆ ಕೂರಬೇಕು, ಅದನ್ನು ಮುಚ್ಚಬಾರದು. ದಪ್ಪಗಿರಲಿ, ದೂರದಿಂದ ಕಾಣಲಿ. ಕಡ್ಡಿಗಳು ಮಾತ್ರ ಹಗುರ. ಅಳತೆ ತೆಗೆದುಕೊಳ್ಳಿ."

ಕೇಳಿದ್ದನ್ನು ಕೊಡಲೇಬೇಕು. ಆದರೆ ಅಳತೆ ತೆಗೆಯಬೇಕಾದರೆ ಮುಖ ನೋಡಬೇಕು. ಸೊಬಗಯ್ಯ ಎಷ್ಟೋ ಮುಖಗಳನ್ನು ಕದ್ದಿದ್ದ, ಒಂದನ್ನೂ ನೋಡಿರಲಿಲ್ಲ. ಈಗ ದಾರ ಹಿಡಿದು ನೋಡಿದ. ಹಣೆ ನೋಡಿದ, ಮೂಗಿನ ಗೂನು ನೋಡಿದ. ಎಡಗಿವಿ ಬಲಗಿವಿಗಿಂತ ಕೂದಲೆಳೆಯಷ್ಟು ಮೇಲಿದೆ ಎಂದು ಅವಳೇ ತೋರಿಸಿದಳು. ಕಡ್ಡಿಯನ್ನು ಬಗ್ಗಿಸಲು ಹೇಳಿದಳು, ಮತ್ತೆ ಬಗ್ಗಿಸಲು ಹೇಳಿದಳು, ಇನ್ನೂ ಒತ್ತುತ್ತಿದೆ ಎಂದು ಕೆರೆಸಿದಳು. ಮಾಂತ್ರಿಕ ಬೆವತುಹೋದ. ಕೆಲಸ ಮುಗಿಯುವ ಹೊತ್ತಿಗೆ ಇಂಥ ಮುಖ ಇದೊಂದೇ ಇರುವುದು ಎಂದು ಅವನಿಗೂ ಗೊತ್ತಾಗಿಹೋಗಿತ್ತು.

ಚಂದಲೆ ಚೌಕಟ್ಟು ಹಾಕಿಕೊಂಡು ಬಾಯಿತುಂಬ ನಕ್ಕಳು. ಅದು ಕದಲಲಿಲ್ಲ. ಕನ್ನಡಿಯ ಒಳಗೂ ಅದೇ ಅಗಲ ಮುಖ, ಅದೇ ಗಿಣಿಮೂಗು, ಜೋಡಿ ತಪ್ಪಿದ ಓಲೆಗಳ ನಡುವೆ ಹಳದಿ ಚೌಕಟ್ಟು, ಅದೇ ನಗು.

"ಇದು ನನ್ನದು. ಗಾಜು ಕೂರಿಸಿ" ಎಂದಳು.

ಗಾಜು ಕೂತೊಡನೆ ಕನ್ನಡಿ ಮೇಲಿಂದ ಕೆಳಗೆ ಸೀಳಿ ಒಡೆಯಿತು. ಒಳಗಿದ್ದ ಮುಖಗಳು ಒಂದೊಂದಾಗಿ ಹೊರಬಂದು ಅಂಗಳಕ್ಕೆ ಹೋಗಿ ಅವರವರಲ್ಲಿ ಕೂತವು. ಎಲ್ಲಕ್ಕಿಂತ ಕೊನೆಯಲ್ಲಿ ತಳದಲ್ಲಿ ಬಿದ್ದಿದ್ದ ಮುಖವೊಂದು ಬಂದು ಸೊಬಗಯ್ಯನಲ್ಲಿ ಕೂತಿತು. ಸೊಟ್ಟ ಗಲ್ಲದ, ಹೆದರಿದ ಕಣ್ಣಿನ ಮುಖ. ಇಷ್ಟವಿಲ್ಲವೆಂದು ಅವನು ಎಲ್ಲರಿಗಿಂತ ಮೊದಲು ಅಡಗಿಸಿಟ್ಟದ್ದು ಅದನ್ನೇ. ಮಂತ್ರವೆಲ್ಲ ಮರೆತುಹೋಗಿ ಅವನು ಕೈಮುಗಿದ. ಈ ಮುಖಕ್ಕೂ ಒಪ್ಪುವಂಥದ್ದು ಏನಾದರೂ ಇದ್ದೇ ಇರುತ್ತದೆ, ಕೂತು ಹುಡುಕು, ಇನ್ನು ಮೇಲೆ ಬಂದವರ ಮುಖ ನೋಡಿ ಅಳತೆ ತೆಗೆ ಎಂದು ಚಂದಲೆ ಅವನನ್ನು ಅಲ್ಲೇ ಕೆಲಸಕ್ಕಿಟ್ಟಳು.

ಆಮೇಲೆ ಬಾಗಿಲು ದಾಟಿ ಅಂಗಳಕ್ಕೆ ಬಂದಳು. ದೂರದ ಕೋಟೆ, ಮರದ ಒಂದೊಂದು ಎಲೆ, ಎಲ್ಲವೂ ಕಾಣುತ್ತಿತ್ತು. ಅದ್ಯಾವುದನ್ನೂ ಅವಳು ನೋಡಲಿಲ್ಲ. ಬಲಗಾಲಿನ ಚಪ್ಪಲಿ ಎಳೆಯುತ್ತ ಒಬ್ಬ ಮುದುಕ ಅವಳ ಕಡೆಗೆ ಬರುತ್ತಿದ್ದ. ಹಣೆಯ ಮೇಲೆ ಗೆರೆ, ಬಿಳಿ ಮೀಸೆ, ತನ್ನದೇ ಗಿಣಿಮೂಗು. ಹೆತ್ತ ತಂದೆಯ ಮುಖವನ್ನು ಅವಳು ನಿಂತಲ್ಲಿಂದ ನೋಡಿದ್ದು ಅದೇ ಮೊದಲು.

"ಅಪ್ಪಾಜಿ, ನಿಮ್ಮ ಹುಬ್ಬಿನ ಮೇಲೆ ಮಚ್ಚೆ ಇದೆ" ಎಂದಳು.

"ನೀನು ಹುಟ್ಟುವುದಕ್ಕೆ ಮುಂಚಿನಿಂದಲೂ ಇದೆ, ಕೂಸೇ" ಎಂದ ರಾಜ, ಕಣ್ಣೊರೆಸಿಕೊಳ್ಳುತ್ತ.

ರಾಜನಿಗೂ ಕನ್ನಡಕ ಬೇಕೇ ಇತ್ತಲ್ಲ. ಯಾವುದು ತೆಗೆದುಕೊಳ್ಳಲಿ ಎಂದು ಮಗಳನ್ನು ಕೇಳಲು ಬಾಯಿ ತೆರೆದವನು, ತಟ್ಟನೆ ಮುಚ್ಚಿಕೊಂಡು ಒಳಗೆ ಹೋದ. ಅರ್ಧ ದಿನ ಹುಡುಕಿ ಗಿಳಿಹಸಿರು ಬಣ್ಣದ್ದೊಂದನ್ನು ಹಾಕಿಕೊಂಡು ಎದೆ ಸೆಟೆಸಿ ಹೊರಬಂದ. ಕೋಟೆಬಾಗಿಲಲ್ಲಿ ಯಾಳಿ ಅವನ ಮುಖವನ್ನು ನೋಡಿತು, ಕನ್ನಡಕವನ್ನು ನೋಡಿತು, ಇನ್ನೊಮ್ಮೆ ಮುಖವನ್ನು ನೋಡಿತು. ಆಮೇಲೆ ಸೊಂಡಿಲೆತ್ತಿತು.

ಅಂದಿನಿಂದ ಮಿಂಚುಕಲ್ಲಿನಲ್ಲಿ ಗಂಡಂದಿರಿಗೆ ತಮ್ಮ ಮನೆಯದೇ ಊಟ ಸಿಕ್ಕಿತು, ರಾಜನಿಗೆ ಸಿಂಹಾಸನ ಸಿಕ್ಕಿತು, ಕಂಬಗಳಿಗೆ ನಮಸ್ಕಾರ ತಪ್ಪಿತು. ಎಲ್ಲರೂ ತಮ್ಮ ತಮ್ಮ ಮುಖದಲ್ಲಿ ಸುಖವಾಗಿ ಬಾಳಿದರು. ಚಂದಲೆ ಮಾತ್ರ ಅಪ್ಪ ಬರುವ ಸದ್ದಾದಾಗಲೆಲ್ಲ ಮೊದಲು ಕಣ್ಣು ಮುಚ್ಚಿ ಗುರುತು ಹಿಡಿಯುತ್ತಿದ್ದಳು, ಆಮೇಲೆ ಕಣ್ಣು ಬಿಟ್ಟು ನೋಡುತ್ತಿದ್ದಳು.