ಐವತ್ತೆರಡು ನಿಮಿಷದ ದಾರಿ

೨೦೬೮ರ ಒಂದು ಬೆಳಗ್ಗೆ, ಮಾಂಟೆವಿಡಿಯೊದಿಂದ ಹೊರಟ ವಿಮಾನ ಹುಬ್ಬಳ್ಳಿಯಲ್ಲಿ ನೆಲ ಮುಟ್ಟಿದಾಗ ಕಳೆದಿದ್ದುದು ಬರೀ ಐವತ್ತೆರಡು ನಿಮಿಷ. ಹದಿನಾಲ್ಕು ಸಾವಿರದ ಏಳುನೂರು ಕಿಲೋಮೀಟರ್. ಹಿಂದೆ ಎರಡು ಕಡೆ ವಿಮಾನ ಬದಲಿಸಿ ಮೂವತ್ತೊಂದು ಗಂಟೆ ಸವೆಸಬೇಕಿದ್ದ ದಾರಿ. ಈ ವಿಮಾನದ ಮೂತಿ ಮುಂದಿನ ಗಾಳಿಗೆ ವಿದ್ಯುದಾವೇಶ ಕೊಟ್ಟು ಅದನ್ನು ಪಕ್ಕಕ್ಕೆ ಸರಿಸುತ್ತಿತ್ತು. ಹಾಗೆ ತೆರೆದುಕೊಂಡ, ತಡೆಯಲು ಗಾಳಿಯೇ ಇಲ್ಲದ ಸುರಂಗದಂಥ ದಾರಿಯಲ್ಲಿ ವಿಮಾನ ಜಾರಿಬರುತ್ತಿತ್ತು.

ಈ ವಿಮಾನವನ್ನು ಕಂಡುಹಿಡಿದ ಮೃಣ್ಮಯಿ ಕೆರೂರ ಗಾಜಿನ ಈಚೆ ನಿಂತು ಒಬ್ಬನೇ ಒಬ್ಬ ಪ್ರಯಾಣಿಕನಿಗಾಗಿ ಕಾಯುತ್ತಿದ್ದಳು.

ದೂರವನ್ನು ಗೆದ್ದವಳೆಂದು ಲೋಕ ಅವಳನ್ನು ಹೊಗಳಿತ್ತು. ಅವಳು ಗೆಲ್ಲಹೊರಟದ್ದು ಜಯತೀರ್ಥ ಕಟ್ಟಿಯನ್ನು. ಹನ್ನೊಂದು ವರ್ಷಗಳ ಹಿಂದೆ ಅವಳ ಗಂಡ ಗಿರಿಧರನ ಜೊತೆ ಅರವತ್ತೊಂದು ಮಂದಿಯನ್ನು ಕೊಂದ ವಿಮಾನಕ್ಕೆ ಎಂಜಿನ್ ರೂಪಿಸಿದವನು ಅವನೇ. ವಿಚಾರಣಾ ಆಯೋಗ ಕರೆಯುವ ಹೊತ್ತಿಗೆ ಅವನು ಮಾಂಟೆವಿಡಿಯೊ ಸೇರಿದ್ದ. ಪರದೆಯ ಮೇಲಿನ ಸಾಕ್ಷಿಯನ್ನು ಆಯೋಗ ಒಪ್ಪುತ್ತಿರಲಿಲ್ಲ. ಅರವತ್ತೈದು ದಾಟಿದವರನ್ನು ಹನ್ನೆರಡು ಗಂಟೆಗಿಂತ ಹೆಚ್ಚು ಪ್ರಯಾಣದ ದೂರದಿಂದ ಬಲವಂತವಾಗಿ ಕರೆಸುವಂತೆಯೂ ಇರಲಿಲ್ಲ. ‘ಬಹಳ ದೂರ, ಕ್ಷಮಿಸಿ’ ಎಂದು ಬರೆದು ಅವನು ಕೈತೊಳೆದುಕೊಂಡ. ಅಂದಿನಿಂದ ದೇವರ ಮುಂದೆ ದೀಪ ಹಚ್ಚುವಾಗ ಮೃಣ್ಮಯಿಯ ಬಾಯಲ್ಲಿ ಸ್ತೋತ್ರವಿರಲಿಲ್ಲ, ಆ ಒಂದು ಸಾಲಿತ್ತು.

ಆಯೋಗದ ಹೊಸ ಕರೆಯನ್ನು ತಪ್ಪಿಸಿಕೊಳ್ಳಲಾಗದೆ ಕಟ್ಟಿ ಕೋಲೂರಿಕೊಂಡು ಬಂದ. ಅವಳು ಮನೆಗೆ ಬಂದ ಬೀಗರನ್ನು ವಿಚಾರಿಸುವಷ್ಟು ಮೆತ್ತಗೆ ಕೇಳಿದಳು.

“ಪ್ರಯಾಣ ಹೆಂಗಾತ್ರಿ? ಭಾಳ ಆಯಾಸ ಆತೇನು?”

“ಒಂದು ಜೋಂಪು ಹತ್ತೂದ್ರಾಗ ಬಂತವ್ವ.”

“ಇನ್ನ ದೂರ ಅನ್ನಾಕ ಬರೂದಿಲ್ಲ.”

ಮುದುಕ ಕೋಲಿನ ತುದಿ ನೋಡಿದ. “ಆ ದೂರ ಇತ್ತಂತ ಇಷ್ಟು ದಿನಾ ನಿದ್ದಿ ಮಾಡೇನಿ.”

ಮಧ್ಯಾಹ್ನ ಆಯೋಗದ ಮುಂದೆ ಅವನು ಎಲ್ಲ ಹೇಳಿದ. ಎಂಜಿನ್ನಿನೊಳಗೆ ತಿರುಗುವ ರೆಕ್ಕೆಯೊಂದರಲ್ಲಿ ಬಿರುಕಿದ್ದುದು ಪರೀಕ್ಷೆಯಲ್ಲೇ ಕಂಡಿತ್ತು. ಕಂಡೂ ಸರಿಯಿದೆ ಎಂದು ಸಹಿ ಹಾಕಿದ್ದ. ಅದೇ ಕೈಯಿಂದ ಈ ಹೇಳಿಕೆಗೂ ಸಹಿ ಹಾಕಿದ. ಮೊದಲ ಸಾಲಿನಲ್ಲಿ ಕೂತಿದ್ದ ಮೃಣ್ಮಯಿ ಕಣ್ಣು ಮಿಟುಕಿಸದೆ ಆ ಸಹಿಯನ್ನು ಕಣ್ಣಲ್ಲೇ ಕುಡಿದಳು. ಪೊಲೀಸರು ಅವನನ್ನು ಕರೆದೊಯ್ಯುವಾಗಲೂ ಅವಳಿಗೆ ಕನಿಕರ ಹುಟ್ಟಲಿಲ್ಲ.

ಹೊರಬರುವಷ್ಟರಲ್ಲಿ ಧಾರವಾಡದಿಂದ ಫೋನು. ಗಿರಿಧರನ ತಂಗಿ ಸುಗಂಧಾ. ಟಿವಿಯಲ್ಲಿ ನೋಡಿದೆ, ಒಳ್ಳೇದಾತು ಅಂದಳು. ಆಮೇಲೆ, ಇವತ್ತು ಅಣ್ಣನ ತಿಥಿ ಎಂದು ನೆನಪಿಸಿದಳು. ಆಯೋಗದ ತಾರೀಖುಗಳನ್ನಷ್ಟೇ ಎಣಿಸುತ್ತಿದ್ದ ಮೃಣ್ಮಯಿ ಪಂಚಾಂಗ ನೋಡಿರಲಿಲ್ಲ. ಪ್ರತಿವರ್ಷ ಆ ದಿನ ಸುಗಂಧಾ ಬಾರದ ಅತ್ತಿಗೆಯ ಹೆಸರಿನಲ್ಲಿ ಒಂದು ಎಲೆ ಬಡಿಸಿಟ್ಟು, ಸಂಜೆಯವರೆಗೆ ಕಾದು, ಆಕಳಿಗೆ ಹಾಕುತ್ತಿದ್ದಳಂತೆ.

“ಬರ್ರಿ ಅಂತ ಅನ್ನೂದಿಲ್ಲ ವೈನಿ. ಹುಬ್ಬಳ್ಳಿಯಿಂದ ಧಾರವಾಡಕ್ಕ ಈಗ ಎಷ್ಟು ಹೊತ್ತು ಹಿಡೀತದ? ನೀವು ಲೆಕ್ಕ ಬಲ್ಲವರು, ಅದಕ್ಕ ಕೇಳಿದೆ.”

ಇಪ್ಪತ್ತು ಕಿಲೋಮೀಟರ್. ಹನ್ನೊಂದು ವರ್ಷ.

ಎದುರಿನ ನಿಲ್ದಾಣಕ್ಕೆ ಧಾರವಾಡದ ಬಸ್ಸು ಬಂತು, ಬಾಗಿಲು ತೆರೆದು ಮುಚ್ಚಿಕೊಂಡಿತು. ಮತ್ತೊಂದು ಬಂತು. ಮೂರನೆಯದೂ ಹೊರಟುಹೋಯಿತು. ಫೋನು ಕಿವಿಗೆ ಹಿಡಿದ ಮೃಣ್ಮಯಿ ಇನ್ನೂ ಅಲ್ಲೇ ನಿಂತಿದ್ದಳು.