ಒಂದು ಮಾತು ಕೇಳದೆ ಹೋದವನು

"ಯಾರಯ್ಯಾ ಅದು? ಇಳಿ ಕೆಳಕ್ಕೆ! ರಾಗಿ ಮೆದೆ ಮೇಲೆ ಬೂಟು ಮೆಟ್ಕೊಂಡು ನಿಂತಿದ್ದೀಯಲ್ಲ, ತಿನ್ನೋ ಅನ್ನಕ್ಕೆ ಮರ್ಯಾದೆ ಬ್ಯಾಡ್ವಾ?"

ಹೊನ್ನಕ್ಕ ಕೂಗಿದ ರಭಸಕ್ಕೆ ಹೊಂಗೆಮರದ ಹಕ್ಕಿಗಳೆಲ್ಲ ಎದ್ದು ಹಾರಿದವು.

ಮಾರ್ಗಶಿರದ ಬೆಳಗು. ಮಧುಗಿರಿ ಬೆಟ್ಟದ ಬುಡದ ಹೊಲಗಳು ಮಂಜಿನಲ್ಲಿ ಮುಳುಗಿದ್ದವು. ಕೊಯ್ದು ಒಟ್ಟಿದ ಮೆದೆಯ ಮೇಲೆ ಯಾರೋ ಗಂಡಸು ಹಲಗೆಯೊಂದನ್ನು ಹಿಡಿದು, ಅವಳತ್ತ ತಿರುಗಿಯೂ ನೋಡದೆ ನಿಂತಿದ್ದ.

"ಒಂದೇ ನಿಮಿಷ ತಾಯಿ... ಬೆಳಕು ಹೋಗಿಬಿಡತ್ತೆ!"

"ಬೆಳಕು ಎಲ್ಲಿಗೆ ಹೋಯ್ತದೆ? ಈಗ ತಾನೆ ಬತ್ತಾ ಐತೆ!"

ಆ ಮಾತಿಗೆ ಅವನು ತಿರುಗಿದ. ನಕ್ಕ. ಇಳಿಯಲು ಹೋಗಿ ಕಾಲು ಜಾರಿ, ಹಲಗೆ ಸಮೇತ ಅವಳ ಮುಂದೆಯೇ ಬಿದ್ದ!

ಬೈಯಲು ಬಾಯಿ ತೆರೆದವಳ ಕಣ್ಣು ಹಲಗೆಗೆ ಅಂಟಿಸಿದ ಕಾಗದದ ಮೇಲೆ ನಿಂತಿತು. ಅವಳು ಹುಟ್ಟಿದಾಗಿನಿಂದ ನೋಡುತ್ತಿದ್ದ ಬೆಟ್ಟ ಅಲ್ಲಿತ್ತು. ಆದರೆ ಇಬ್ಬನಿಯ ತೇವಕ್ಕೆ ಬಣ್ಣ ಒಣಗದೆ ಗೆರೆಗೆರೆಯಾಗಿ ಕೆಳಗೆ ಹರಿಯುತ್ತಿತ್ತು.

"ಅಯ್ಯೋ... ನಿಮ್ಮ ಬೆಟ್ಟ ಅಳ್ತಾ ಐತೆ."

"ದಿನಾ ಅಳುತ್ತೆ," ಎಂದ ಅವನು, ಮೊಣಕೈ ಉಜ್ಜಿಕೊಳ್ಳುತ್ತಾ. "ಈ ಚಳಿಗೆ ನೀರುಬಣ್ಣ ಒಣಗೋದೇ ಇಲ್ಲ. ಒಣಗೋ ಹೊತ್ತಿಗೆ ಬಿಸಿಲು ಬಂದು ಬೆಟ್ಟದ ಬಣ್ಣವೇ ಬೇರೆಯಾಗಿರುತ್ತೆ."

ಅವನ ಬೆರಳ ಗೆಣ್ಣುಗಳು ಚಳಿಗೆ ಒಡೆದು ರಕ್ತ ಕಾಣುತ್ತಿತ್ತು. ಹೊನ್ನಕ್ಕನ ಸಿಟ್ಟು ಎಲ್ಲಿ ಹೋಯಿತೋ...

ಅವನ ಹೆಸರು ಮರುಳಸಿದ್ದಯ್ಯ. ಮೈಸೂರಿನವನು. ವರ್ಷವೆಲ್ಲ ಅಂಗಡಿಗಳಿಗೆ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದ. ದೀಪಾವಳಿ ಕಳೆಯಿತೆಂದರೆ ಬಣ್ಣದ ಪೆಟ್ಟಿಗೆ ಹೆಗಲಿಗೇರಿಸಿ ಬೆಟ್ಟಗಳನ್ನು ಹುಡುಕಿಕೊಂಡು ಹೊರಟುಬಿಡುತ್ತಿದ್ದ. ಬೇಸಿಗೆಯಲ್ಲಿ ಆಕಾಶ ಸುಣ್ಣ ಬಳಿದಂತೆ ಬಿಳಿಚಿಕೊಳ್ಳುತ್ತದೆ, ಮಳೆಗಾಲದಲ್ಲಿ ಕಾಗದ ಹೊರಗೆ ತೆಗೆಯುವಂತಿಲ್ಲ; ಹಾಗಾಗಿ ಚಳಿಗಾಲವೇ ಅವನ ಸುಗ್ಗಿ. ಆ ವರ್ಷ ಮೈಸೂರಿನ ದೊಡ್ಡ ಮನುಷ್ಯರೊಬ್ಬರು ತಮ್ಮ ಅತಿಥಿಗೃಹದ ಗೋಡೆಗೆ ದುರ್ಗಗಳ ಚಿತ್ರ ಬೇಕೆಂದಿದ್ದರು. ಮರುಳಸಿದ್ದಯ್ಯ ಮಧುಗಿರಿ ಪೇಟೆಯ ಮಠದ ಜಗಲಿಯಲ್ಲಿ ಮಲಗಿ, ಕೋಳಿ ಕೂಗುವ ಮೊದಲೇ ಎದ್ದು ಬರುತ್ತಿದ್ದ.

ಮರುದಿನ ಹೊನ್ನಕ್ಕ ಒಡಕು ಮಡಕೆಯಲ್ಲಿ ಕೆಂಡ ತಂದು ಅವನ ಮುಂದಿಟ್ಟಳು.

"ನಮ್ಮ ಮೆದೆ ತುಳೀದೆ ಇರ್ಲಿ ಅಂತ ತಂದೆ. ಬ್ಯಾರೆ ಏನಿಲ್ಲ."

ಬೇರೆ ಏನಿಲ್ಲವೆಂಬುದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು!

ಅವನು ಕೆಂಡದ ಮೇಲೆ ಕಾಗದ ಹಿಡಿದು ಒಣಗಿಸುವನು, ಮತ್ತೊಂದು ಪದರ ಬಣ್ಣ ಹಚ್ಚುವನು, ಮತ್ತೆ ಹಿಡಿಯುವನು. ಒಮ್ಮೊಮ್ಮೆ ಅಂಚು ಸುಟ್ಟು ನಾಲ್ಕು ದಿನದ ದುಡಿಮೆ ಹಾಳಾಗುತ್ತಿತ್ತು. ಆಗ ಅವನು ಮಾತಾಡದೆ ಹೊಸ ಕಾಗದ ಬಿಗಿಯುವನು. ಅವನ ಆ ಮೌನ ಅವಳಿಗೆ ಇಷ್ಟವಾಯಿತು.

ಸಂಕ್ರಾಂತಿ ಕಳೆದ ಒಂದು ಬೆಳಗ್ಗೆ ಅವನು ಕುಂಚ ಕೆಳಗಿಟ್ಟ.

"ಹೊನ್ನಕ್ಕ, ನಿಮ್ಮ ತಂದೆಯವರನ್ನ ಕೇಳಲಾ?"

"ಏನಂತ?"

"ನಿನ್ನನ್ನ ಕೊಡ್ತೀರಾ ಅಂತ."

ಸೆರಗಿನ ಅಂಚು ಕಚ್ಚಿಕೊಂಡು ತಲೆಯಾಡಿಸಿದಳು, ಅಷ್ಟೇ.

ಆ ಸಂಜೆ ಅವನು ಅವಳ ಅಪ್ಪ ಪರ್ವತಯ್ಯನ ಹತ್ತಿರ ಮಾತಾಡಿದ. ಮರುದಿನ ಹೊನ್ನಕ್ಕ ಕೆಂಡ ಹಿಡಿದು ಹೋದಾಗ ಹೊಲದಲ್ಲಿ ಯಾರೂ ಇರಲಿಲ್ಲ. ಮಠದಲ್ಲೂ ಇರಲಿಲ್ಲ!

"ಅವನ ಸುದ್ದಿ ಎತ್ಬ್ಯಾಡ," ಎಂದ ಅಪ್ಪ, ಮುಖ ಎತ್ತದೆ. "ಮೈಸೂರ್ನಾಗೆ ಹೆಂಡ್ತಿ ಅವ್ಳಂತೆ ಅವಂಗೆ. ಗದರಿಸಿ ಕೇಳ್ದೆ, ಒಪ್ಕೊಂಡ. ರಾತ್ರೋರಾತ್ರಿ ಕಾಲ್ಕಿತ್ತ."

ಹೊನ್ನಕ್ಕ ಅಳಲಿಲ್ಲ. ಒಲೆಯ ಮುಂದೆ ಕೂತು ಮುದ್ದೆ ತಿರುವಿದಳು. ಕೈ ಸುಟ್ಟದ್ದು ಕೂಡ ತಿಳಿಯಲಿಲ್ಲ.

*

ಏಳೆಂಟು ವರ್ಷ ಉರುಳಿದವು.

ಬಣ್ಣದಯ್ಯನ ಪಕ್ಕ ಕೂತಿದ್ದವಳು ಎಂಬ ಮಾತು ಊರಿಂದೂರಿಗೆ ಹೋಗಿತ್ತು. ಹೆಣ್ಣು ನೋಡಲು ಬಂದವರು ನೀರು ಕುಡಿದು ಎದ್ದು ಹೋದರು. ಆಮೇಲೆ ಬರುವುದನ್ನೇ ಬಿಟ್ಟರು. ಪರ್ವತಯ್ಯನಿಗೆ ಮೊಣಕಾಲು ಹಿಡಿದು ಜಗಲಿ ಬಿಟ್ಟು ಏಳಲಾಗುತ್ತಿರಲಿಲ್ಲ. ಉಳುವವರನ್ನು ಕರೆಯುವುದು, ಒಕ್ಕಣೆ ಮಾಡಿಸುವುದು, ಅಪ್ಪನ ಕಾಲಿಗೆ ಎಣ್ಣೆ ನೀವುವುದು, ಎಲ್ಲ ಹೊನ್ನಕ್ಕನ ಪಾಲು. ಬೆಳಗಿನ ಮಂಜು ಕಂಡರೆ ಅವಳಿಗೆ ಈಗ ಮೈ ಉರಿಯುತ್ತಿತ್ತು.

ಎರಡನೇ ಮಹಾಯುದ್ಧದ ಕಾಲದ ಒಂದು ಪುಷ್ಯಮಾಸ. ಬಾವಿಯ ಹತ್ತಿರ ಪಕ್ಕದ ಮನೆಯ ಮುನಿಯಮ್ಮ ಪಿಸುಗುಟ್ಟಿದಳು.

"ಕೆರೆ ಏರಿ ಮ್ಯಾಲೆ ಆ ಬಣ್ಣದಯ್ಯ ಕುಂತವ್ನೆ ಕಣಮ್ಮ!"

ಬಿಂದಿಗೆ ಅಲ್ಲೇ ಬಿತ್ತು. ಹೊನ್ನಕ್ಕ ಏರಿಯತ್ತ ಓಡಿದಳು.

ಅವನೇ. ಕೆನ್ನೆ ಒಳಸೇರಿತ್ತು, ಮೀಸೆ ನರೆತಿತ್ತು. ಯುದ್ಧದಿಂದ ಸೀಮೆಯ ಬಣ್ಣ ಬರುವುದು ನಿಂತು, ಕೈಯಾರೆ ಅರೆದ ಕಾವಿ, ದೀಪದ ಮಸಿ, ಬಟ್ಟೆಗೆ ಹಾಕುವ ನೀಲಿಯನ್ನು ಚಿಪ್ಪುಗಳಲ್ಲಿ ಕಲಸಿಟ್ಟುಕೊಂಡಿದ್ದ. ಅವಳನ್ನು ಕಂಡವನೇ ಎದ್ದು ನಿಂತ.

"ಯಾವ ಮುಖ ಇಟ್ಕೊಂಡು ಬಂದ್ರಿ? ನಿಮ್ಮ ಹೆಂಡ್ತಿ ಬುಟ್ಟು ಕಳಿಸಿದ್ಲಾ?"

"ಹೊನ್ನಕ್ಕ..."

"ಹೆಂಡ್ತಿ ಇದ್ದೋರು ನನ್ನನ್ಯಾಕೆ ಕೇಳಿದ್ರಿ? ಹೇಳಿ!"

ಅವನ ಮುಖ ಬಿಳಿಚಿತು. "ಆಗ ನನಗೆ ಹೆಂಡತಿ ಇರಲಿಲ್ಲ. ಯಾರು ಹೇಳಿದ್ದು?"

"ನಮ್ಮಪ್ಪ."

ಅವನು ಏರಿಯ ಕಲ್ಲಿನ ಮೇಲೆ ಕುಸಿದು ಕುಳಿತ.

"ನನಗೆ ಅವರು ಬೇರೆ ಹೇಳಿದ್ರು. ಕೊರಟಗೆರೆಯಲ್ಲಿರೋ ಸೋದರಮಾವನ ಮಗನಿಗೆ ನಿನ್ನನ್ನ ಒಪ್ಪಿಸಿ ಆಗಿದೆ, ನಿನಗೂ ಮನಸ್ಸಿದೆ, ನನ್ನೆದುರು ಹೇಳೋಕೆ ನಾಚಿಕೆ... ಬೆಳಗ್ಗೆ ನೀನು ಹೊಲಕ್ಕೆ ಬರೋ ಮೊದಲು ಹೊರಟುಬಿಡಬೇಕು ಅಂದ್ರು. ಮೊನ್ನೆ ಹೊಳವನಹಳ್ಳಿ ಸಂತೆಯಲ್ಲಿ ವಿಭೂತಿ ಮಾರೋರು ನಿಮ್ಮ ಮನೆ ಮಾತು ಎತ್ತಿದ್ರು. ಪರ್ವತಯ್ಯನ ಮಗಳಿಗೆ ಇನ್ನೂ ಮದುವೆಯೇ ಆಗಿಲ್ಲ ಅಂದಾಗಲೇ ನನಗೆ ಗೊತ್ತಾಗಿದ್ದು. ನಿಮ್ಮ ಬಾಗಿಲಿಗೆ ಬರೋ ಧೈರ್ಯ ಸಾಲಲಿಲ್ಲ."

ಅಪ್ಪನಾ? ತನ್ನ ಅಪ್ಪನಾ...?

"ನನ್ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ?" ಅವಳ ದನಿ ಒಡೆಯಿತು. "ಬೆಳಗಾದ್ರೆ ಬತ್ತಿದ್ದೆನಲ್ಲ!"

"ಹೆದರಿದೆ. ಕೇಳಿದರೆ ನೀನೇ ಹೌದು ಅಂದುಬಿಡ್ತೀಯೇನೋ ಅಂತ."

"ಈಗ ಬಂದೀರಲ್ಲ, ಒಬ್ರೇ ಇದ್ರಾ ಇಷ್ಟು ದಿನ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಮಾರನೇ ವರ್ಷ ಮನೆಯವರು ಮದುವೆ ಮಾಡಿದ್ರು. ಒಳ್ಳೆಯವಳು. ಚೊಚ್ಚಲ ಹೆರಿಗೇಲಿ ಹೋದ್ಲು. ಮಗೂನೂ ಉಳೀಲಿಲ್ಲ."

ಸತ್ತ ಆ ಹೆಣ್ಣಿನ ಮೇಲೆ ಹೊನ್ನಕ್ಕನಿಗೆ ಮರುಕ ಹುಟ್ಟಿತು. ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಎದ್ದಿತು. ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ನಮ್ಮಪ್ಪ ಹೇಳಿದ ಸುಳ್ಳನ್ನ ನೀವೇ ನಿಜ ಮಾಡ್ಬುಟ್ರಿ," ಎಂದವಳೇ ತಿರುಗಿ ನೋಡದೆ ನಡೆದಳು.

*

ಪರ್ವತಯ್ಯ ಜಗಲಿಯಲ್ಲಿ ಕಂಬಳಿ ಹೊದ್ದು ಊಟಕ್ಕೆ ಕಾಯುತ್ತಿದ್ದ.

"ಕೊರಟಗೆರೆ ಮಾವನ ಮಗಂಗೆ ನನ್ನ ಯಾವತ್ತು ಒಪ್ಸಿದ್ದೆ ಅಪ್ಪಾ?"

ಮುದುಕ ಗೋಡೆಯತ್ತ ತಿರುಗಿದ.

"ನಿಮ್ಮವ್ವ ಹೋದ್ಮ್ಯಾಕೆ ನೀನೂ ಹೊಂಟೋಗಿದ್ರೆ ನಂಗೆ ಒಂದು ಮುದ್ದೆ ಬೇಯ್ಸಾಕೋರು ಯಾರಿದ್ರು?"

"ಅದಕ್ಕೆ ನನ್ನ ಬಾಳು ಬೇಯ್ಸ್ಬುಟ್ಯಾ?"

"ಅವನೇನು ಸಾಚಾನಾ? ನಾ ಒಂದು ಮಾತಂದೆ, ಎದ್ದೋದ. ನೀನು ಬೇಕು ಅನ್ನೋನು ಅಂಗೆ ಹೋಯ್ತಾನಾ?"

ಆ ಮಾತು ಅವಳಿಗೆ ನಾಟಿತು. ಏಕೆಂದರೆ ಅದು ನಿಜವಾಗಿತ್ತು.

ಹೊನ್ನಕ್ಕ ಎಂದಿನಂತೆ ತಣಿಗೆ ತಂದು ಅವನ ಮುಂದಿಟ್ಟಳು. ಬಿಸಿ ಮುದ್ದೆ, ಅವರೆಕಾಳಿನ ಸಾರು. ಆದರೆ ಎಂದಿನಂತೆ ಎದುರಿಗೆ ಕೂರಲಿಲ್ಲ. ಅಪ್ಪ ಉಂಡ. ಸಾರಿಗೆ ಉಪ್ಪು ಕಮ್ಮಿ ಎಂದ. ಆಗ ಅವಳು ಹಿತ್ತಲಿಗೆ ಹೋಗಿ, ಇಷ್ಟು ವರ್ಷದ ಅಳುವನ್ನೆಲ್ಲ ಅತ್ತಳು.

ಮರುದಿನ ಏರಿಯ ಮೇಲೆ ಮರುಳಸಿದ್ದಯ್ಯ ಹಲಗೆ ಮುಟ್ಟದೆ ಕೂತಿದ್ದ. ಕಾಗದ ಬಿಳಿಯಾಗಿಯೇ ಇತ್ತು.

"ನನ್ನ ಜೊತೆ ಮೈಸೂರಿಗೆ ಬರ್ತೀಯಾ ಹೊನ್ನಕ್ಕ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ. ಅಪ್ಪ ಏಳಕ್ಕಾಗ್ದೋನು. ನಾನು ಬುಟ್ಟು ಬಂದ್ರೆ ಅವನಿಗೂ ನನಗೂ ಏನು ವ್ಯತ್ಯಾಸ? ಬೇಕಾದ್ರೆ ನೀವೇ ಬನ್ನಿ. ಆ ಮನೇಲೆ ಇರ್ಬೇಕು. ಅಪ್ಪನ ಪಕ್ಕದಾಗೇ ಕೂತು ಉಣ್ಬೇಕು. ಆಯ್ತದಾ?"

ಅವನು ಬಣ್ಣದ ಚಿಪ್ಪುಗಳನ್ನು ಒಂದರೊಳಗೊಂದು ಜೋಡಿಸತೊಡಗಿದ. ತನ್ನ ಬದುಕು ಕದ್ದ ಮುದುಕನ ಪಕ್ಕದಲ್ಲಿ ದಿನದಿನವೂ ತುತ್ತು ನುಂಗುವುದು!

"ಆಗುತ್ತೆ," ಎಂದ ಕೊನೆಗೆ.

ಮದುವೆ ಮಠದಲ್ಲೇ ಆಯಿತು. ಗಾಡಿಯಲ್ಲಿ ಕರೆತಂದ ಪರ್ವತಯ್ಯ ಕಂಬಳಿಯೊಳಗೆ ಮುದುಡಿ ಕೂತು, ಉಂಡು, ಮಗಳಿಗೂ ಅಳಿಯನಿಗೂ ಮುಖ ಕೊಡದೆ ಹಿಂದಿರುಗಿದ. ಕ್ಷಮಿಸು ಎಂಬ ಮಾತು ಆ ಬಾಯಿಂದ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಮರುಳಸಿದ್ದಯ್ಯ ಮಧುಗಿರಿ ಪೇಟೆಯ ಅಂಗಡಿಗಳಿಗೆ ಬೋರ್ಡು ಬರೆಯತೊಡಗಿದ. ಆ ಮನೆಯಲ್ಲಿ ನಗು ಕಡಿಮೆ. ಮೂವರೂ ಒಬ್ಬರಿಗೊಬ್ಬರು ಬಡಿಸಿಕೊಂಡು, ಮಾತು ನುಂಗಿಕೊಂಡು ಬದುಕಿದರು.

ಮತ್ತೆ ಚಳಿ ಬಂತು. ಒಂದು ಬೆಳಗ್ಗೆ ಅವನು ಪೆಟ್ಟಿಗೆ ಹೆಗಲಿಗೇರಿಸಿದಾಗ ಹೊನ್ನಕ್ಕ ತಾನಾಗಿಯೇ ಜೊತೆಗೆ ಹೊರಟಳು. ಬೆಟ್ಟದ ಬುಡದ ಬಂಡೆಯೊಂದರ ಹತ್ತಿರ ಅವನು ಹಲಗೆ ನಿಲ್ಲಿಸುವಾಗ ಅವಳೇ ಹೇಳಿದಳು.

"ನನ್ನ ಸಿಟ್ಟು ಇನ್ನೂ ಹೋಗಿಲ್ಲ ಕಣ್ರೀ."

"ಗೊತ್ತು."

"ಸಾಯೋ ಗಂಟ ಹೋಗ್ದೇನೂ ಇರ್ಬಹುದು."

"ಇರಲಿ. ಆದರೂ ಒಂದು ಮಾತು ಕೇಳಲಾ?"

"ಏನು?"

"ಇವತ್ತು ಬೆಟ್ಟ ಬರೆಯೋದನ್ನ ಇಲ್ಲಿಂದ ಶುರು ಮಾಡಲಾ, ಇಲ್ಲಾ ಆ ಕಡೆಯಿಂದಲಾ?"

ಹೊನ್ನಕ್ಕ ಅವನನ್ನೇ ನೋಡಿದಳು. ಕಣ್ಣು ತುಂಬಿ ಬಂತು.

"ಇದನ್ನೂ ನನ್ನ ಕೇಳ್ಬೇಕಾ?"

"ಹೂಂ. ಇನ್ಮೇಲೆ ಎಲ್ಲಾನೂ ನಿನ್ನನ್ನೇ ಕೇಳ್ತೀನಿ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಬಂಡೆಯ ಮೇಲೆ ಕೂತು, ಪಕ್ಕಕ್ಕೆ ಸರಿದು ಅವನಿಗೂ ಜಾಗ ಮಾಡಿದಳು.

"ಇಲ್ಲಿಂದ್ಲೇ ಮಾಡಿ. ನಾನೂ ಇಲ್ಲೇ ಕುಂತಿರ್ತೀನಿ."